ಪ್ರಮೋದನಿಗೆ, ಅಪ್ಪಯ್ಯನ ಮಾರುತಿ 800 ಬಗ್ಗೆ

ಪ್ರಮೋದ, ನಿನ್ನೆ ರಾತ್ರಿ ನೀನು ಮನೆಯವರ ಗ್ರೂಪಿಗೆ ಹಾಕಿದ ವಾಯ್ಸ್ ಮೆಸೇಜು ಕೇಳಿದೆ. ಎಲ್ಲರೂ ಹೆಬ್ಬೆಟ್ಟಿನ ಚಿತ್ರ ಒತ್ತಿ ಮಲಗಿದರು. ನನಗೆ ಸುಮ್ಮನಿರಲು ಆಗಲಿಲ್ಲ. ಅಪ್ಪಯ್ಯನ 2004ರ ಮಾರುತಿ 800 ಶೆಡ್ಡಿನಲ್ಲಿ ನಿಂತು ವರ್ಷ ದಾಟಿದೆ, ಅದನ್ನು ನೀನೇ ಬಿಚ್ಚಿ ಸರಿ ಮಾಡಿ ಬೆಂಗಳೂರಿಗೆ ಒಯ್ಯುತ್ತೀಯ. ಜೊತೆಗೆ ಅಲಾಯ್ ವೀಲು, ಅಗಲ ಟೈರು, ಎಲ್‌ಇಡಿ ಬಲ್ಬು, ಸದ್ದು ಮಾಡುವ ಸೈಲೆನ್ಸರು, ಡಿಕ್ಕಿಯಲ್ಲಿ ದೊಡ್ಡ ಸ್ಪೀಕರ್ ಪೆಟ್ಟಿಗೆ. ಇಷ್ಟೇ ಅಲ್ವಾ? ರಿಪೇರಿ ಖಂಡಿತ ಮಾಡು. ಆ ಪಟ್ಟಿಯನ್ನು ಮಾತ್ರ ಹರಿದು ಹಾಕು. ಅದರ ಬದಲು ಬೇರೆ ಒಂದೆರಡು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಊಟ ಮುಗಿಸಿ ಕೂತ್ಕೋ.

ನಿಮ್ಮಪ್ಪ ಈಗಲೇ ನಗುತ್ತಿರುತ್ತಾನೆ, ಈ ತಂಗಿಗೇನು ಗೊತ್ತು ಅಂತ. ಅಣ್ಣಾ, ಅಡಿಕೆ ಮಂಡಿಗೆ ಓಡಾಡುವ ನಮ್ಮ ಓಮ್ನಿಯನ್ನು ನೋಡಿಕೊಳ್ಳುವುದು ನಾನೇ, ನಿನ್ನ ಭಾವ ಅಲ್ಲ. ಅದರಲ್ಲಿರುವುದೂ ಇದೇ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್. ಇದು ನಿನಗೆ ಅನುಕೂಲದ ಮಾತು ಪ್ರಮೋದ. 800 ತಯಾರಿಕೆ 2014ರ ಜನವರಿಯಲ್ಲೇ ನಿಂತಿತು, ಆದರೆ ಓಮ್ನಿ 2019ರವರೆಗೂ ಬಂತು. ಹಾಗಾಗಿ ಎಂಜಿನ್ನಿನ ಎಷ್ಟೋ ಸಾಮಾನು ಇವತ್ತಿಗೂ ಶಿವಮೊಗ್ಗದಲ್ಲೇ ಸಿಗುತ್ತದೆ. ಇಲ್ಲಿ ಸಿಗದಿದ್ದರೆ ನಿಮ್ಮ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಅಲ್ಲಿ ಡೂಪ್ಲಿಕೇಟ್ ಮಾಲೂ ಜಾಸ್ತಿ. ಬ್ರೇಕಿನ ಸಾಮಾನು ಮತ್ತು ಟೈಮಿಂಗ್ ಬೆಲ್ಟಿನಲ್ಲಿ (ಎಂಜಿನ್ನಿನ ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ತೆರೆದು ಮುಚ್ಚಿಸುವ ಬೆಲ್ಟು) ಚೌಕಾಸಿ ಮಾಡಬೇಡ. ಬಾಗಿಲ ಹಿಡಿಕೆ, ವೈಪರ್ ತರಹದ್ದಕ್ಕೆ ಗುಜರಿ ಮಾಲು ಸಾಕು.

ಊರಿಗೆ ಬಂದ ಕೂಡಲೇ ಕೀ ತಿರುಗಿಸಬೇಡ. ಬಾನೆಟ್ ಎತ್ತಿ ಮೊದಲು ಇಲಿ ಗೂಡು ಕಟ್ಟಿದೆಯಾ ನೋಡು. ಏರ್ ಫಿಲ್ಟರ್ ಡಬ್ಬಿಯ ಒಳಗೂ ನೋಡು, ಅಲ್ಲಿ ಬೆಚ್ಚಗಿರುತ್ತದಲ್ಲ. ವೈರು ಕಡಿದಿದ್ದರೆ ಅಲ್ಲೇ ನಿಲ್ಲಿಸಿ ಫೋಟೋ ಕಳಿಸು. (ನಮ್ಮೂರಿನ ಟ್ಯಾಕ್ಸಿಯವರು ಬಾನೆಟ್ ಒಳಗೆ ಹೊಗೆಸೊಪ್ಪಿನ ಎಲೆ ಇಡುತ್ತಾರೆ. ಇಲಿ ಬರುವುದಿಲ್ಲ ಅಂತಾರೆ. ನಾನೂ ಇಟ್ಟಿದ್ದೇನೆ, ಎಲೆಯ ಮೇಲೇ ಕೂತು ಪೈಪು ಕಡಿದ ಇಲಿಗಳು ನಮ್ಮವು.) ಆಮೇಲೆ ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಮೂರರ ಮಟ್ಟ ನೋಡು.

ಟ್ಯಾಂಕಿನಲ್ಲಿರುವುದು ಒಂದು ವರ್ಷದ ಹಳೇ ಪೆಟ್ರೋಲು. ಈಗ ಬರುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಅದನ್ನು ಪ್ರಧಾನಿ ಮೊದಲು ಬಿಡುಗಡೆ ಮಾಡಿದ್ದೂ 2023ರ ಫೆಬ್ರವರಿಯಲ್ಲಿ ನಿಮ್ಮ ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ತೇವಕ್ಕೆ ಬರವೇ? ನೀರು ಜಾಸ್ತಿಯಾದಾಗ ಎಥನಾಲ್ ಮತ್ತು ನೀರು ಒಟ್ಟಿಗೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪು ಎಳೆಯುವುದು ತಳದಿಂದಲೇ. ಅದನ್ನು ಖಾಲಿ ಮಾಡಿಸಲೇಬೇಕು. 2004ರ ಕಾರಿನ ರಬ್ಬರನ್ನು ಇಷ್ಟು ಎಥನಾಲಿಗೆ ಅಂತ ಮಾಡಿಲ್ಲ. ಹಾಗಾಗಿ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ಜಾತಿಯದ್ದಕ್ಕೆ ಬದಲಾಯಿಸು. ಆದರೆ ಈ ಕೆಲಸ ನೀನು ಮಾಡಬೇಡ. ಇದು ಹಳೇ ಕಾರ್ಬುರೇಟರ್ ಗಾಡಿ ಅಲ್ಲ, ಎಂಪಿಎಫ್‌ಐ, ಅಂದರೆ ಪೆಟ್ರೋಲನ್ನು ಪಂಪಿನ ಒತ್ತಡದಲ್ಲಿ ಎಂಜಿನ್ನಿಗೆ ಚಿಮ್ಮಿಸುವ ಜಾತಿ. ಎಂಜಿನ್ ಆಫ್ ಮಾಡಿದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಬಿಚ್ಚಿದರೆ ಮುಖಕ್ಕೇ ಚಿಮ್ಮುತ್ತದೆ. ಮೆಕ್ಯಾನಿಕ್ ಮಾಡಲಿ, ನೀನು ಪಕ್ಕದಲ್ಲಿ ನಿಂತು ನೋಡು.

ಬ್ರೇಕೂ ಹಾಗೇ. ಮುಂದೆ ಡಿಸ್ಕ್, ಹಿಂದೆ ಡ್ರಮ್. ನಿಂತ ಗಾಡಿಯಲ್ಲಿ ಹಿಂದಿನ ಡ್ರಮ್ ಒಳಗಿನ ವೀಲ್ ಸಿಲಿಂಡರ್ ತುಕ್ಕು ಹಿಡಿದು ಸೋರುತ್ತದೆ. ಚಕ್ರದ ಒಳಬದಿ ಒದ್ದೆಯಾಗಿ ಕಂಡರೆ ಅದೇ. ಬ್ರೇಕ್ ಆಯಿಲ್ ಕೂಡ ತೇವ ಕುಡಿಯುವ ಜಾತಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು. ಇಲ್ಲದಿದ್ದರೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವಾಗ ಆಯಿಲ್ ಕಾದು, ಒಳಗಿನ ನೀರು ಆವಿಯಾಗಿ, ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಅಪ್ಪಯ್ಯನ ಡೈರಿಯಲ್ಲಿ ಇಲ್ಲದಿದ್ದರೆ ಹೊಸದು ಹಾಕಿಸು. ಬೆಲ್ಟಿಗೆ ಕಿಲೋಮೀಟರ್ ಒಂದೇ ಅಲ್ಲ, ವಯಸ್ಸೂ ಲೆಕ್ಕ.

ಇನ್ನು ನಿನ್ನ ಕೈಯ ಕೆಲಸ. ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳು, ಈ ನಾಲ್ಕು ಸ್ಪ್ಯಾನರ್ ಇದ್ದರೆ ಈ ಕಾರಿನ ಮುಕ್ಕಾಲು ಪಾಲು ಬಿಚ್ಚಬಹುದು. ಮಲ್ಟಿಮೀಟರ್ ಒಂದು ತಗೋ, ಅಗ್ಗದ್ದೇ ಸಾಕು. ಬ್ಯಾಟರಿ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ಅಳೆದರೆ 12.6 ವೋಲ್ಟ್ ಬರಬೇಕು. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. ಬ್ಯಾಟರಿ ತುದಿಯ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ನೆಗೆಟಿವ್ ವೈರು ಕಾರಿನ ಮೈ ತಗಡಿಗೆ ಮತ್ತು ಗೇರ್‌ಬಾಕ್ಸಿಗೆ ಸೇರುವ ಜಾಗವನ್ನು ಬಿಚ್ಚಿ, ಲೋಹ ಹೊಳೆಯುವ ತನಕ ಮರಳುಕಾಗದದಿಂದ ಉಜ್ಜು. ಸೆಲ್ಫ್ ತೆಗೆದುಕೊಳ್ಳುವುದಿಲ್ಲ ಅಂತ ಹೊಸ ಬ್ಯಾಟರಿ ಕೊಂಡವರು ಎಷ್ಟೋ ಜನ. ಕಾಯಿಲೆ ಇರುವುದು ಈ ಒಂದು ಬೋಲ್ಟಿನಲ್ಲಿ.

ಸ್ಪಾರ್ಕ್ ಪ್ಲಗ್ ಮೂರೇ. ಎಂಜಿನ್ ತಣ್ಣಗಿರುವಾಗ ಬಿಚ್ಚು, ಯಾವುದು ಎಲ್ಲಿಯದು ಅಂತ ಸಾಲಾಗಿ ಜೋಡಿಸಿಡು. ತುದಿ ಬಿಸ್ಕತ್ತಿನ ಬಣ್ಣ ಇದ್ದರೆ ಚಿಂತೆ ಇಲ್ಲ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಎಣ್ಣೆ ಅಂಟಿ ಒದ್ದೆ ಇದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ, ಆಗ ನನಗೆ ಫೋನ್ ಮಾಡು. ವಾಪಸ್ ಹಾಕುವಾಗ ಪೂರ್ತಿ ಕೂರುವ ತನಕ ಬೆರಳಲ್ಲೇ ತಿರುಗಿಸು, ಕೊನೆಗೆ ಮಾತ್ರ ಸ್ಪ್ಯಾನರ್. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂ, ಅಡ್ಡ ಹತ್ತಿದರೆ ಥ್ರೆಡ್ ಹೋಯಿತು ಅಂತಲೇ ಲೆಕ್ಕ.

ಮಲೆನಾಡಿನ ಕಾರಿಗೆ ನಿಜವಾದ ಶತ್ರು ಎಂಜಿನ್ ಅಲ್ಲ, ತುಕ್ಕು. ಮ್ಯಾಟ್ ಎತ್ತಿ ನೆಲ ನೋಡು, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡು. ಟಣ್ ಅಂದರೆ ತಗಡು ಗಟ್ಟಿ, ದಪ್ ಅಂದರೆ ಹೋಗಿದೆ. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಕಸ ತುಂಬಿರುತ್ತದೆ. ನೀರು ಹೊರಗೆ ಹೋಗಲು ದಾರಿ ಇಲ್ಲದೆ ಒಳಗೆ ಇಳಿಯುತ್ತದೆ. ಬಾಗಿಲುಗಳ ತಳದಲ್ಲೂ ಸಣ್ಣ ತೂತುಗಳಿವೆ, ತಂತಿ ಹಾಕಿ ಬಿಡಿಸು. ಮೇಲಿನ ತುಕ್ಕನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿ, ಒಣಗಿಸಿ, ಜಿಂಕ್ ಪ್ರೈಮರ್ ಹೊಡೆದು ಬಣ್ಣ ಹಚ್ಚು. ತೂತು ಬಿದ್ದಿದ್ದರೆ ವೆಲ್ಡಿಂಗ್‌ನವರ ಕೆಲಸ. ಜಾಕ್ ಕೊಡುವ ಜಾಗ ಮೊದಲು ನೋಡು, ಅಲ್ಲಿ ತುಕ್ಕು ಇದ್ದರೆ ಎತ್ತಿದ ಕಾರು ಕೂತುಬಿಡುತ್ತದೆ. ಬರೀ ಜಾಕ್ ನಂಬಿ ಅಡಿಗೆ ಹೋದೆ ಅಂತ ನನ್ನ ಕಿವಿಗೆ ಬಿದ್ದರೆ ನೋಡು. ಸ್ಟ್ಯಾಂಡ್ ಇಡು. ಇಟ್ಟಿಗೆ ಆಗುವುದಿಲ್ಲ, ಸೀಳುತ್ತದೆ.

ಈಗ ನಿನ್ನ ಲೈಟಿನ ವಿಷಯ. ರಾತ್ರಿ ಏನೂ ಕಾಣುವುದಿಲ್ಲ ಅಂದೆಯಲ್ಲ, ಅದು ನಿಜ. ಆದರೆ ತಪ್ಪು ಬಲ್ಬಿನದ್ದಲ್ಲ. ಹೆಡ್‌ಲೈಟಿನ ಕರೆಂಟು ಬ್ಯಾಟರಿಯಿಂದ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನವರೆಗೆ ಹೋಗಿ ಸುತ್ತಿಕೊಂಡು ಬರುತ್ತದೆ. ವೈರು ತೆಳ್ಳಗೆ, ಸ್ವಿಚ್ಚಿಗೆ ಇಪ್ಪತ್ತು ವರ್ಷ. ದಾರಿಯಲ್ಲೇ ಒಂದೂವರೆ ಎರಡು ವೋಲ್ಟ್ ಕರಗಿ ಹೋಗುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಇದಕ್ಕೆ ಔಷಧ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಎಚ್4 (ನಿನ್ನ ಹೆಡ್‌ಲೈಟ್ ಬಲ್ಬಿನ ಜಾತಿ) ರಿಲೇ ಕಿಟ್ ಅಂತ ಕೇಳು, ಎರಡು ರಿಲೇ ಬರುತ್ತದೆ, ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು. ಬ್ಯಾಟರಿಯಿಂದ ದಪ್ಪ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ಅಲ್ಲಿಂದ ರಿಲೇ, ರಿಲೇಯಿಂದ ನೇರ ಬಲ್ಬಿಗೆ. ಹಳೇ ಬಲ್ಬ್ ಹೋಲ್ಡರ್ ಕಿಟ್ಟಿನ ಗಂಡು ಪಿನ್ನಿಗೆ ಕೂರುತ್ತದೆ, ಇನ್ನು ಮೇಲೆ ಅದರ ಕೆಲಸ ರಿಲೇ ಎಬ್ಬಿಸುವುದಷ್ಟೇ. ಕಾರಿನ ಒಂದು ವೈರನ್ನೂ ಕತ್ತರಿಸಬೇಕಿಲ್ಲ, ಬೇಡವೆಂದರೆ ವಾಪಸ್ ತೆಗೆಯಬಹುದು. ಬಲ್ಬು ಅದೇ 60/55 ವ್ಯಾಟ್ ಇರಲಿ. ಮೊದಲು ಮತ್ತು ಆಮೇಲೆ ಬಲ್ಬಿನ ಹತ್ತಿರ ಮಲ್ಟಿಮೀಟರ್ ಹಿಡಿದು ನೋಡು. ಅರ್ಧ ದಿನದ ಕೆಲಸ. ಇಡೀ ಕಾರಿನಲ್ಲಿ ಹಾಕಿದ ಹಣಕ್ಕೆ ಇಷ್ಟು ಲಾಭ ಕೊಡುವ ಬದಲಾವಣೆ ಇನ್ನೊಂದಿಲ್ಲ ಅಂತ ನನ್ನ ಲೆಕ್ಕ. 100/90 ಬಲ್ಬು ಹಾಕಿದರೆ ಹೋಲ್ಡರ್ ಕರಗುತ್ತದೆ. ಎಲ್‌ಇಡಿ ಹಾಕಿದರೆ ಈ ರಿಫ್ಲೆಕ್ಟರಿನಲ್ಲಿ ಬೆಳಕು ಚೆದುರಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ, ನಿನಗೆ ರಸ್ತೆ ಮಾತ್ರ ಕಾಣುವುದಿಲ್ಲ.

ಅಲಾಯ್ ಬಗ್ಗೆ ಲೆಕ್ಕವನ್ನೇ ಹಾಕೋಣ. ಈಗಿರುವ ಟೈರಿನ ಅಳತೆ 145/70 ಆರ್12. ನೀನು ಹೇಳಿದ 155/65 ಆರ್13 ಎತ್ತರದಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಜಾಸ್ತಿ. ಮೀಟರ್ ಅರವತ್ತು ತೋರಿಸುವಾಗ ನೀನು ಅರವತ್ತಮೂರರ ಹತ್ತಿರ ಓಡುತ್ತಿರುತ್ತೀಯ. ಪವರ್ ಸ್ಟೀರಿಂಗ್ ಇಲ್ಲದ ಕಾರು, ಅಗಲ ಟೈರು ಹಾಕಿ ಮಲ್ಲೇಶ್ವರದ ಗಲ್ಲಿಯಲ್ಲಿ ಪಾರ್ಕ್ ಮಾಡಿ ನೋಡು, ತೋಳು ಬಿದ್ದುಹೋಗುತ್ತದೆ. ಇರುವುದೇ 37 ಎಚ್‌ಪಿ. ಅದರ ಮೇಲೆ ಸ್ಪೀಕರ್ ಪೆಟ್ಟಿಗೆಯ ಭಾರ ಬೇರೆ. ಅದರ ಬದಲು ಅದೇ ಅಳತೆಯ ಹೊಸ ಟೈರು ಹಾಕಿಸು. ಅಂಗಡಿಯಲ್ಲಿ ಟೈರಿನ ಪಕ್ಕದ ನಾಲ್ಕು ಅಂಕಿ ಓದು. 2318 ಅಂದರೆ 2018ರ 23ನೇ ವಾರದ್ದು, ಹಾಗಿದ್ದರೆ ಬೇಡ ಅನ್ನು. ಹಾಡು ಕೇಳಬೇಕಾದರೆ ಮುಂದಿನ ಬಾಗಿಲಿಗೆ ಎರಡು ಸ್ಪೀಕರ್ ಸಾಕು. ನಮ್ಮ ಓಮ್ನಿಗೆ ಸ್ಟೀರಿಯೋ ಹಾಕಿದ ಅಂಗಡಿಯವನು ಸಿಕ್ಕ ವೈರು ಕತ್ತರಿಸಿ ಟೇಪು ಸುತ್ತಿ ಕಳಿಸಿದ್ದ, ಹಾರನ್ ಹೊಡೆದರೆ ರೇಡಿಯೋ ಆಫ್ ಆಗುತ್ತಿತ್ತು. ವೈರು ಜೋಡಿಸಲು ಕಪ್ಲರ್ ಹಾಕಿಸು, ಟೇಪು ಬೇಡ.

ಸೈಲೆನ್ಸರ್ ಮಾತೇ ಎತ್ತಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿಯವರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟೂ 2019ರ ಜನವರಿಯಲ್ಲಿ ಹೇಳಿದೆ. ಬಣ್ಣ ಬದಲಾಯಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ನಿನಗೆ ಇದು ದೂರದ ಮಾತಲ್ಲ. ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಪ್ರತಿ ಸಲವೂ ಇನ್ಸ್‌ಪೆಕ್ಟರ್ ಗಾಡಿ ನೋಡುತ್ತಾರೆ. ರಿನ್ಯೂವಲ್ ಫೀಸು 2022ರ ಏಪ್ರಿಲ್‌ನಿಂದ 5000 ರೂಪಾಯಿ ಆಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ 10,000. ಹಸಿರು ತೆರಿಗೆ ಬೇರೆ.

ಅದಕ್ಕೇ ಅಣ್ಣಾ, ಈಗ ನೀನು ಒಂದು ಕೆಲಸ ಮಾಡು. ಅಪ್ಪಯ್ಯನ ಕಬ್ಬಿಣದ ಪೆಟ್ಟಿಗೆಯಲ್ಲಿ ಆರ್‌ಸಿ ಇದೆ, ಎರಡೂ ಬದಿಯ ಫೋಟೋ ತೆಗೆದು ಇಲ್ಲೇ ಹಾಕು. ಅವಧಿ ಯಾವಾಗ ಮುಗಿಯುತ್ತದೆ, ಹೆಸರು ಇನ್ನೂ ಅಪ್ಪಯ್ಯನದ್ದೇ ಇದೆಯಾ ನೋಡಬೇಕು. ಇನ್ಶೂರೆನ್ಸೂ ಎಮಿಷನ್ನೂ ಮುಗಿದಿದ್ದರೆ ಕಾರನ್ನು ರಸ್ತೆಗೆ ಇಳಿಸಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸೋಣ. ಪ್ರಮೋದ, ಬರುವ ಶನಿವಾರ ನಾನೂ ಬರುತ್ತೇನೆ. ರಿಲೇ ಕಿಟ್ ಮತ್ತು ಒಂದು ಜೊತೆ ಜಾಕ್ ಸ್ಟ್ಯಾಂಡ್ ನೀನು ಬೆಂಗಳೂರಿಂದ ತಾ, ಸ್ಪ್ಯಾನರ್ ನನ್ನ ಹತ್ತಿರ ಇವೆ.