ಸಹಾಯ ಬೇಕು: ಹೀಬ್ರೂವಿನ 'ಹಿನೇನಿ' ಅನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳಲಿ?

ನಮಸ್ಕಾರ. ನಾನು ಮಂಗಳೂರಿನವಳು. ಇಸ್ರೇಲಿನಲ್ಲಿ ಒಬ್ಬ ಅಜ್ಜಿಯ ಆರೈಕೆ ಮಾಡಿಕೊಂಡಿದ್ದೇನೆ. ಯಹೂದಿಗಳು ತಮ್ಮ ಧರ್ಮಗ್ರಂಥ ತೋರಾವನ್ನು ವಾರಕ್ಕೊಂದು ಭಾಗದಂತೆ ಓದಿ ವರ್ಷಕ್ಕೆ ಮುಗಿಸುತ್ತಾರೆ. ಅಜ್ಜಿ ಪ್ರತಿ ವಾರ ನನಗೂ ಆ ಕಥೆ ಹೇಳುತ್ತಾರೆ.

ಈ ವಾರದ ಭಾಗ 'ವಯೇರಾ', ಅಂದರೆ ತೋರಾದ ಮೊದಲ ಪುಸ್ತಕ ಆದಿಕಾಂಡದ 18ರಿಂದ 22ನೇ ಅಧ್ಯಾಯ. ಕೊನೆಯ ಅಧ್ಯಾಯದಲ್ಲಿ ಅಬ್ರಹಾಮ ಮೂರು ಸಲ 'ಹಿನೇನಿ' ಅನ್ನುತ್ತಾನೆ. ಮಗನನ್ನು ಬಲಿ ಕೊಡು ಅನ್ನಲು ದೇವರು ಕರೆದಾಗ ಒಮ್ಮೆ. ಬೆಟ್ಟದ ದಾರಿಯಲ್ಲಿ ಮಗ ಇಸಾಕ 'ಅಪ್ಪಾ' ಅಂದಾಗ ಒಮ್ಮೆ. ಬಲಿಗೆ ಕತ್ತಿ ಹಿಡಿದ ಮೇಲೆ ತಡೆಯಲು ದೇವದೂತ ಕೂಗಿದಾಗ ಇನ್ನೊಮ್ಮೆ. ದೇವರಿಗೆ ಕೊಟ್ಟ ಉತ್ತರವೇ ಮಗನಿಗೂ! ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ನನಗೆ ಇದು ಜಾಸ್ತಿ ತಟ್ಟಿತು.

'ಇಲ್ಲಿದ್ದೇನೆ' ಅಂದರೆ ಸುಮ್ನೆ ಜಾಗ ಹೇಳಿದ ಹಾಗಾಗುತ್ತದೆ, ಅಲ್ವಾ? ಹೇಳು, ನಾನು ಸಿದ್ಧ ಅನ್ನುವ ಭಾವ ಬರುವುದಿಲ್ಲ. ಅಮ್ಮ ಕರೆದರೆ ನಾವು 'ಓ' ಅನ್ನುತ್ತಿದ್ದೆವು. ಅದು ಹತ್ತಿರ ಅನ್ನಿಸುತ್ತದೆ. ಆದರೆ ದೇವರಿಗೆ ಹಾಗೆ ಓಗೊಡಬಹುದಾ?

ಶುಕ್ರವಾರ ಮಗಳಿಗೆ ಫೋನಿನಲ್ಲಿ ಈ ಕಥೆ ಹೇಳಬೇಕು. ಮೂರೂ ಕಡೆ ಹೊಂದುವ ಒಂದೇ ಮಾತು ಬೇಕು. ನಿಮ್ಮೂರ ಕಡೆಯ ಆಡುಮಾತಾದರೂ ಸರಿ, ದಯವಿಟ್ಟು ತಿಳಿಸಿ.