ವಿಮಾನ ‘ಬರೆಯುವ’ವರಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆ ನಮಸ್ಕಾರ,

ಹಾಸನದಿಂದ ಒಂದು ಸಣ್ಣ ತಲೆನೋವು ತಂದಿದ್ದೇನೆ. ನಮ್ಮ ಬಡಾವಣೆಯ ಹೈಸ್ಕೂಲಿನಲ್ಲಿ ಒಂದು ಚಿತ್ರಪ್ರದರ್ಶನ ಇದೆ. ವಿಮಾನ, ರಾಕೆಟ್, ಬೇರೆ ಲೋಕಗಳನ್ನು ಬರೆದೇ ಹೆಸರಾದ ಕಲಾವಿದರ ಚಿತ್ರಗಳ ಪ್ರಿಂಟುಗಳು. ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವ ಊರು ನಮ್ಮದು. ಉಪಗ್ರಹ ಅಂದ್ರೆ ಇಲ್ಲಿನ ಮಕ್ಕಳಿಗೆ ಹೊಸದಲ್ಲ. ಚಿತ್ರದ ಕೆಳಗೆ ಅಂಟಿಸುವ ಚೀಟಿಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು. ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ.

ಮೊದಲ ಚೀಟಿಗೇ ಎಡವಿದೆ. ಫ್ರಾಂಕ್ ವೂಟನ್ ಅಂತ ಒಬ್ಬ ಇಂಗ್ಲಿಷ್ ಕಲಾವಿದರು. ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ವಾಯುಪಡೆಗಾಗಿ ನಾರ್ಮಂಡಿ, ಬರ್ಮಾಗಳಿಗೆ ಹೋಗಿ ಯುದ್ಧವಿಮಾನಗಳನ್ನು ಬರೆದವರು. ಅವರ ಹೆಸರಿನ ಮುಂದೆ ಸುಮ್ನೆ ‘ವಿಮಾನದ ಪೇಂಟರ್’ ಅಂತ ಹಾಕಿದ್ದೆ. ಬ್ಯಾನರ್ ಬರೆಯಲು ಬಂದಿದ್ದ ಬೋರ್ಡ್ ಪೇಂಟರ್ ಅದನ್ನು ಓದಿ, “ಸಾರ್, ಇಮಾನಕ್ಕೆ ಬಣ್ಣ ಬ್ರಷ್ಷಲ್ಲಿ ಹೊಡೀತಾರಾ, ಸ್ಪ್ರೇನಲ್ಲಾ?” ಅಂದರು. ತಮಾಷೆಗಲ್ಲ, ನಿಜವಾಗಿ ತಿಳಿಯಬೇಕಿತ್ತು ಅವರಿಗೆ. ತಪ್ಪು ಅವರದಲ್ಲ. ನಮ್ಮ ಕಡೆ ಪೇಂಟರ್ ಅಂದರೆ ಏಣಿ, ಡಬ್ಬ, ಗೋಡೆ. ಕ್ಯಾನ್ವಾಸು ನೆನಪಾಗುವುದೇ ಇಲ್ಲ.

ಸರಿ, ‘ವಿಮಾನ ಚಿತ್ರಕಾರ’ ಅಂತ ತಿದ್ದಿದೆ. ಈ ಸಲ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕನ್ನಡಕ ಏರಿಸಿಕೊಂಡು, “ಯಾವ ದೇವಸ್ಥಾನದ್ದಪ್ಪಾ?” ಅಂದರು. ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು. ಹೊಯ್ಸಳರ ಸೀಮೆಯಲ್ಲಿ ಕೂತು ವಿಮಾನ ಅಂದರೆ ಗರ್ಭಗುಡಿ ಮತ್ತು ಅದರ ಮೇಲಿನ ಶಿಖರ ಅಲ್ವಾ! ಮೇಷ್ಟ್ರು ದೊಡ್ಡಗದ್ದವಳ್ಳಿಯ ನಾಲ್ಕು ಶಿಖರಗಳನ್ನು ಎಷ್ಟು ಸಲ ಬರೆದಿದ್ದಾರೋ ಲೆಕ್ಕವಿಲ್ಲ. ಅವರ ಕಿವಿಗೆ ಆ ಪದ ಹಾಗೆಯೇ ಬೀಳಬೇಕು.

ಹಾಗಾದರೆ ಹಳಗನ್ನಡದ್ದೇ ಒಂದು ಪದ ತರೋಣ ಅನ್ನಿಸಿತು. ‘ರೂವಾರಿ’. ರೂಪಕಾರಿ ಎಂಬುದರ ತದ್ಭವ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಶಿಲ್ಪದ ಕೆಳಗೆ ಹೆಸರು ಕೊರೆದಿದ್ದಾರೆ. ಅಂಥವರು ರೂವಾರಿಗಳು. ಆದರೆ ಪೇಪರಿನವರು ಈ ಪದವನ್ನು ಬೇರೆ ಕಡೆಗೆ ಎಳೆದುಕೊಂಡು ಹೋಗಿ ಆಗಿದೆ. ‘ಚಂದ್ರಯಾನದ ರೂವಾರಿ’ ಅಂದರೆ ಈಗ ಯೋಜನೆ ಹಾಕಿದ ವಿಜ್ಞಾನಿ. ಚಂದ್ರನನ್ನು ಬರೆದವರಿಗೆ ನಾನು ‘ಚಂದ್ರನ ರೂವಾರಿ’ ಅಂದರೆ, ಹಾಸನದಲ್ಲಿ “ಇಸ್ರೋದಲ್ಲಿ ಯಾವ ಪೋಸ್ಟು?” ಅಂತ ಕೇಳುವವರೇ ಜಾಸ್ತಿ.

ಇದಕ್ಕಿಂತ ಕಷ್ಟದ್ದು ಎರಡನೇ ಪದ. ಪತ್ರಿಕೆಗಳಲ್ಲಿ ಗ್ರಹಗಳದ್ದೋ ನೌಕೆಯದ್ದೋ ಚಿತ್ರ ಬಂದರೆ ಕೆಳಗೆ ‘ಕಾಲ್ಪನಿಕ ಚಿತ್ರ’ ಅಂತ ಇರುತ್ತದೆ. ಕಾಲ್ಪನಿಕ ಅಂದರೆ ಓದುವವರಿಗೆ ‘ಕಟ್ಟುಕತೆ’ ಅಂತಲೇ ಹೊಳೆಯುವುದು. ಈ ಕಲಾವಿದರ ಬದುಕು ಓದುತ್ತಾ ಹೋದ ಮೇಲೆ ಆ ಪದ ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ.

ಚೆಸ್ಲಿ ಬೊನೆಸ್ಟೆಲ್ ಅವರನ್ನೇ ನೋಡಿ. 1888ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವರು. ಕಟ್ಟಡಗಳ ನಕ್ಷೆಯ ಕೆಲಸ ಮಾಡಿ, ಆಮೇಲೆ ಹಾಲಿವುಡ್‌ಗೆ ಸಿನಿಮಾದ ಹಿನ್ನೆಲೆ ಚಿತ್ರಗಳನ್ನು ಬರೆದರು. ಐವತ್ತು ದಾಟಿದ ಮೇಲೆ, 1944ರಲ್ಲಿ, ಶನಿಯ ಉಪಗ್ರಹಗಳಿಂದ ನೋಡಿದರೆ ಶನಿ ಹೇಗೆ ಕಂಡೀತು ಎಂಬ ಚಿತ್ರಗಳು ‘ಲೈಫ್’ ಪತ್ರಿಕೆಯಲ್ಲಿ ಬಂದು ಜನ ಬೆರಗಾದರು. ಎಷ್ಟು ದೂರ, ಎಷ್ಟು ದೊಡ್ಡದು, ಬಿಸಿಲು ಯಾವ ಕಡೆಯಿಂದ ಎಂದು ಲೆಕ್ಕ ಹಾಕಿ ಬರೆದದ್ದು ಅದು. ಆದರೂ ತಪ್ಪಿತ್ತು. ಶನಿಯ ಉಪಗ್ರಹ ಟೈಟನ್‌ನ ಆಕಾಶವನ್ನು ಅವರು ನೀಲಿಯಾಗಿ ಬರೆದಿದ್ದರು. 2005ರ ಜನವರಿಯಲ್ಲಿ ಹೈಗೆನ್ಸ್ ನೌಕೆ ಅಲ್ಲಿ ಇಳಿದಾಗ ಕಂಡದ್ದು ಕಿತ್ತಳೆ ಬಣ್ಣದ ಮಬ್ಬು. ಚಂದ್ರನ ಬೆಟ್ಟಗಳನ್ನೂ ಅವರು ಚೂಪುಚೂಪಾಗಿ ಬರೆದಿದ್ದರು. ಅಪೋಲೋದವರು ಹೋಗಿ ನೋಡಿದರೆ ಬಾಬಾಬುಡನ್‌ಗಿರಿಯ ಹಾಗೆ ದುಂಡಗೆ, ತಣ್ಣಗೆ ಮಲಗಿವೆ. ಬೊನೆಸ್ಟೆಲ್‌ಗಿಂತ ಮುಂಚೆಯೇ ಲ್ಯೂಸಿಯನ್ ರುಡೋ ಎಂಬ ಫ್ರೆಂಚ್ ಖಗೋಳಜ್ಞ-ಕಲಾವಿದರು ದೂರದರ್ಶಕದಲ್ಲಿ ಚಂದ್ರನ ಅಂಚನ್ನು ನಿಟ್ಟಿಸಿ ನೋಡಿ ದುಂಡು ಬೆಟ್ಟಗಳನ್ನೇ ಬರೆದಿದ್ದರು. ರುಡೋ ಸರಿ, ಬೊನೆಸ್ಟೆಲ್ ತಪ್ಪು. ಚೂಪು ಬೆಟ್ಟ ನೋಡೋಕೆ ಚೆಂದ, ಏನ್ಮಾಡೋದು.

ಲೆಕ್ಕ ಹಾಕಿದ್ದರಿಂದ ತಾನೇ ‘ಸರಿ’, ‘ತಪ್ಪು’ ಅನ್ನಲು ಬರುವುದು? ಕಟ್ಟುಕತೆಗೆ ಸರಿ-ತಪ್ಪು ಎಲ್ಲಿದೆ? ಅದಕ್ಕೇ ‘ಅಂದಾಜು ಚಿತ್ರ’ ಅನ್ನಬಹುದಾ ಎಂದು ಯೋಚಿಸುತ್ತಿದ್ದೇನೆ. ಕಾಫಿ ತೋಟದವರು ಗಿಡದ ಮೇಲಿನ ಹಣ್ಣು ನೋಡಿ ಫಸಲಿಗೆ ಅಂದಾಜು ಕಟ್ಟುತ್ತಾರಲ್ಲ, ಹಾಗೆ. ಕಣ್ಣಿನ ಅನುಭವವೂ ಇದೆ, ಲೆಕ್ಕವೂ ಇದೆ, ತಪ್ಪುವ ಅವಕಾಶವೂ ಇದೆ. ‘ಊಹಾಚಿತ್ರ’ ಇನ್ನೊಂದು, ಆದರೆ ಊಹೆಗೆ ಲೆಕ್ಕ ಬೇಕಾಗಿಲ್ಲ.

ಇನ್ನು ಅಲನ್ ಬೀನ್ ಬಂದರೆ ಈ ಪದವೂ ಕೆಲಸಕ್ಕೆ ಬರುವುದಿಲ್ಲ. 1969ರ ನವೆಂಬರಿನಲ್ಲಿ ಅಪೋಲೋ 12ರಲ್ಲಿ ಹೋಗಿ ಚಂದ್ರನ ಮೇಲೆ ನಡೆದ ನಾಲ್ಕನೆಯವರು ಅವರು. 1981ರಲ್ಲಿ ನಾಸಾ ಬಿಟ್ಟು ಚಿತ್ರ ಬರೆಯುತ್ತಾ ಕೂತರು. ಅವರ ಹಲಗೆಯ ಮೇಲಿನ ದಪ್ಪ ಬಣ್ಣವನ್ನು ಹತ್ತಿರದಿಂದ ನೋಡಿದರೆ ಗುಳಿಗಳು, ಗೀರುಗಳು. ಚಂದ್ರನ ಮೇಲೆ ಹಾಕಿದ ಬೂಟಿನಂಥದೇ ಅಟ್ಟೆಯನ್ನು ಒತ್ತಿ, ಅಲ್ಲಿ ಬಳಸಿದ ಸುತ್ತಿಗೆಯಲ್ಲಿ ಕುಟ್ಟಿ ಮಾಡಿದವು. ಉಡುಪಿನ ಮೇಲಿನ ಬಟ್ಟೆಯ ಬಿಲ್ಲೆಗಳಿಗೆ ಚಂದ್ರನ ಧೂಳು ಮೆತ್ತಿತ್ತು. ಆ ಬಟ್ಟೆಯ ಚೂರುಗಳನ್ನೂ ಬಣ್ಣದೊಳಗೆ ಸೇರಿಸುತ್ತಿದ್ದರು. ಇದು ಅಂದಾಜೂ ಅಲ್ಲ, ಫೋಟೋನೂ ಅಲ್ಲ. ಬೂದು ಚಂದ್ರನಿಗೆ ನೇರಳೆ, ಕಿತ್ತಳೆ ಹಚ್ಚಿದವರೂ ಅವರೇ!

ಅಲೆಕ್ಸಿ ಲಿಯೊನೊವ್ ಇನ್ನೊಂದು ಹೆಜ್ಜೆ ಮುಂದೆ. 1965ರ ಮಾರ್ಚ್ 18ರಂದು ನೌಕೆಯಿಂದ ಹೊರಗೆ ಬಂದು ತೇಲಿದ ಮೊದಲಿಗರು. ಅದೇ ಯಾನದಲ್ಲಿ ಬಣ್ಣದ ಪೆನ್ಸಿಲ್ ಹಿಡಿದು ಸೂರ್ಯೋದಯ ಬರೆದರು. ಪೆನ್ಸಿಲ್‌ಗಳು ತೇಲಿ ಹೋಗದ ಹಾಗೆ ದಾರ ಕಟ್ಟಿಕೊಂಡಿದ್ದರಂತೆ. ನೋಡುತ್ತಾ ನೋಡುತ್ತಾ ಬರೆದದ್ದಕ್ಕೆ ಕಾಲ್ಪನಿಕ ಅಂತ ಚೀಟಿ ಅಂಟಿಸಲು ನನ್ನ ಕೈ ಬರಲಿಲ್ಲ.

ಈಗ ನನ್ನ ಪ್ರಶ್ನೆಗಳು. ‘ವ್ಯೋಮ ಚಿತ್ರಗಾರ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ‘ಬಾಹ್ಯಾಕಾಶ ಚಿತ್ರ’ ಅಂದರೆ ಉಪಗ್ರಹ ತೆಗೆದ ಫೋಟೋ ಅನ್ನಿಸುತ್ತದೆ, ಅದನ್ನು ಆಗಲೇ ಬಿಟ್ಟಿದ್ದೇನೆ. ವಿಮಾನದವರಿಗೆ ‘ಹಾರಾಟದ ಚಿತ್ರಗಾರ’ ಸಾಕಾ? ‘ಅಂದಾಜು ಚಿತ್ರ’ ಎಂಬುದನ್ನು ಯಾರಾದರೂ ಎಲ್ಲಾದರೂ ಓದಿದ್ದೀರಾ, ಇಲ್ಲ ನಾನೇ ಮೊದಲಾ? ಉತ್ತರ ಕರ್ನಾಟಕದವರು, ಕರಾವಳಿಯವರು ಬೇರೆ ಪದ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.

ಸದ್ಯಕ್ಕೆ ಬೀನ್ ಅವರ ಚೀಟಿಯಲ್ಲಿ ಹೆಸರಿನ ಕೆಳಗೆ ‘ಚಂದ್ರನ ಮೇಲೆ ನಡೆದು ಬಂದು, ಚಂದ್ರನನ್ನು ಬರೆದವರು’ ಎಂದು ಹಾಕಿದ್ದೇನೆ. ಡ್ರಾಯಿಂಗ್ ಮೇಷ್ಟ್ರು ಒಪ್ಪಿದರು. ಬೋರ್ಡ್ ಪೇಂಟರ್ ಮಾತ್ರ ಅಕ್ಷರ ಜಾಸ್ತಿ ಆಯ್ತು, ಒಂದೇ ಪದ ಹುಡುಕಿ ಸಾರ್ ಅಂತಿದ್ದಾರೆ. ಸೋಮವಾರದೊಳಗೆ ಕೊಡಬೇಕು.