ಬ್ಯಾಂಕ್ ರಸ್ತೆಯ ಹಂಚಿನ ಕ್ವಾರ್ಟರ್ಸ್ ಕೆಡವುತ್ತಾರಂತೆ, ನಾವು ಬಿಡಲೇಬೇಕೇ?

ಪ್ರಶ್ನೆ: ನಾಲ್ಕನೆಯ ಮನೆ, ಕಾಸರಗೋಡು

ಬ್ಯಾಂಕ್ ರಸ್ತೆಯಿಂದ ಒಳಗೆ ಹೋಗುವ ಓಣಿಯಲ್ಲಿ ಆರು ಬಾಡಿಗೆ ಮನೆಗಳ ಹಂಚಿನ ಕ್ವಾರ್ಟರ್ಸ್ ಇದೆ. 2003ರಲ್ಲಿ ಮದುವೆಯಾಗಿ ನಾನು ಬಂದದ್ದು ಅದರ ನಾಲ್ಕನೆಯ ಮನೆಗೆ. ಎರಡು ಕೋಣೆ, ಅಡುಗೆಮನೆ, ಮುಂದೊಂದು ಜಗಲಿ. ಆ ಜಗಲಿಯ ಹೊಲಿಗೆ ಯಂತ್ರವೇ ಗಂಡ ತೀರಿಕೊಂಡ ಮೇಲೆ ನಮ್ಮನ್ನು ಸಾಕಿದ್ದು. ಅತ್ತೆ ಬೀಡಿ ಕಟ್ಟುತ್ತಾರೆ. ಮಗಳು ಎಂಟನೆಯ ತರಗತಿ, ಕನ್ನಡ ಮಾಧ್ಯಮ, ಶಾಲೆಗೆ ನಡೆದೇ ಹೋಗುತ್ತಾಳೆ. ಬಾಡಿಗೆ 3,800 ರೂಪಾಯಿ. ಒಂದು ತಿಂಗಳೂ ಬಾಕಿ ಇಟ್ಟವಳಲ್ಲ.

ಹಿರಿಯ ಧಣಿಗಳು ಇರುವಷ್ಟು ಕಾಲ ಚಿಂತೆ ಇರಲಿಲ್ಲ. ಹೊಳೆಗೆ ಸಮುದ್ರದ ಉಪ್ಪುನೀರು ಏರದಂತೆ ತಡೆಯುವ ಬಾವಿಕ್ಕೆರೆಯ ಅಣೆಕಟ್ಟು ಆಗುವ ಮೊದಲು ಬೇಸಗೆಯಲ್ಲಿ ನಳದ ನೀರು ಉಪ್ಪಾಗುತ್ತಿತ್ತು. ಆಗ ಇಡೀ ಓಣಿ ನಮ್ಮ ಹಿತ್ತಲಿನ ಬಾವಿಯ ನೀರು ಕುಡಿದಿದೆ. ಧಣಿಗಳು ಯಾರಿಗೂ ಬೇಡ ಎಂದವರಲ್ಲ. ಅವರು ಹೋದ ಮೇಲೆ ಮಕ್ಕಳು ಜಾಗವನ್ನು ಕಟ್ಟಡದವರಿಗೆ ಮಾತಾಡಿದ್ದಾರೆ. ಕೆಳಗೆ ಅಂಗಡಿಗಳು, ಮೇಲೆ ಲಿಫ್ಟ್ ಇರುವ ಫ್ಲಾಟುಗಳು. ಬಾವಿಯನ್ನೂ ಮುಚ್ಚುತ್ತಾರಂತೆ.

ಕಳೆದ ವಾರ ವಕೀಲರ ನೋಟೀಸು ಬಂತು. ಪೂರ್ತಿ ಮಲಯಾಳದಲ್ಲಿದೆ. ಮಗಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು: ಮನೆ ಜೀರ್ಣವಾಗಿದೆ, 45 ದಿನಗಳಲ್ಲಿ ಬಿಡಬೇಕು. ಎರಡು ಹಂಚು ಒಡೆದಿರುವುದು ನಿಜ, ಆದರೆ ಕೆಂಪುಕಲ್ಲಿನ ಗೋಡೆಯಲ್ಲಿ ಒಂದು ಬಿರುಕೂ ಇಲ್ಲ.

ನುಳ್ಳಿಪ್ಪಾಡಿ, ಅಣಂಗೂರು, ವಿದ್ಯಾನಗರ ಎಲ್ಲ ಸುತ್ತಿದೆ. ಎಲ್ಲಿಯೂ 9,000ಕ್ಕಿಂತ ಕಡಿಮೆ ಇಲ್ಲ, ಅಡ್ವಾನ್ಸ್ 50,000. ಹೊಲಿಗೆ ಯಂತ್ರ ಎಂದ ಕೂಡಲೇ ಒಬ್ಬರು ಬಾಗಿಲಲ್ಲಿಯೇ ಬೇಡ ಎಂದರು. ನೋಟೀಸು ಬಂದರೆ ಹೊರಡಲೇಬೇಕೇ? ತಿಳಿದವರು ಹೇಳಿ.

ಉತ್ತರ: ಹಳೆಯ ಗುಮಾಸ್ತ

ತಂಗಿ, ನೋಟೀಸು ಬೇರೆ, ಕೋರ್ಟಿನ ಆದೇಶ ಬೇರೆ. ನಾನು ವಕೀಲರ ಕಚೇರಿಯಲ್ಲಿ 31 ವರ್ಷ ಕಡತ ಹೊತ್ತವನು. ಕೇರಳದಲ್ಲಿ 1965ರ ಬಾಡಿಗೆ ನಿಯಂತ್ರಣ ಕಾನೂನು ಇದೆ. ಬಾಡಿಗೆ ನಿಯಂತ್ರಣ ನ್ಯಾಯಾಲಯದ ಆದೇಶವಿಲ್ಲದೆ ಬಲವಂತವಾಗಿ ನಿಮ್ಮನ್ನು ಹೊರಗೆ ಹಾಕುವಂತಿಲ್ಲ. ಕೆಡವಿ ಕಟ್ಟುತ್ತೇವೆ ಎಂದು ಕೋರ್ಟಿಗೆ ಹೋಗುವ ಧಣಿ, ಕಟ್ಟಡದ ಸ್ಥಿತಿ ಅಂಥದ್ದೆಂದು ತೋರಿಸಬೇಕು. ಮಂಜೂರಾದ ನಕ್ಷೆ, ಪರವಾನಗಿ, ಕಟ್ಟುವ ಶಕ್ತಿ ಮೂರೂ ಇರಬೇಕು. ಬಿಡಿಸುವುದಕ್ಕೆ ಅದು ನೆಪವಾಗಿರಬಾರದು. ಆದೇಶವಾಗಿ ಮನೆ ಬಿಟ್ಟರೂ, ಹೊಸ ಕಟ್ಟಡದಲ್ಲಿ ಮೊದಲ ಆಯ್ಕೆ ಹಳೆಯ ಬಾಡಿಗೆದಾರನದ್ದು. ಅದರ ನ್ಯಾಯವಾದ ಬಾಡಿಗೆ ಕೊಡಬೇಕು, ಅಷ್ಟೇ. ಈ ಮಾತನ್ನು ಯಾವ ಧಣಿಯೂ ಬಾಡಿಗೆದಾರನಿಗೆ ತಾನಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಗೋಡೆ, ಮಾಡು, ಬಾವಿ ಎಲ್ಲದರ ಫೋಟೋ ಇಂದೇ ತೆಗೆದಿಡಿ. ಬಾಡಿಗೆ ನಿಲ್ಲಿಸಬೇಡಿ. ಅವರು ಕೈಯಲ್ಲಿ ತೆಗೆದುಕೊಳ್ಳದಿದ್ದರೆ ಬ್ಯಾಂಕಿನ ಮೂಲಕ ಕಳುಹಿಸಿ. ಬಾಕಿ ಬಿದ್ದರೆ ಬಿಡಿಸಲು ಅದೇ ಕಾರಣವಾಗುತ್ತದೆ. ನೀರು, ಕರೆಂಟು ಕಡಿದರೆ ಅದರ ಮೇಲೂ ದೂರು ಕೊಡಬಹುದು. ಓದಲಾಗದ ಭಾಷೆಯ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ವಿದ್ಯಾನಗರದ ನ್ಯಾಯಾಲಯದಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಂಗಸರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ನೋಟೀಸು ಹಿಡಿದುಕೊಂಡು ಹೋಗಿ. ನಗರಸಭೆಗೆ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ, ಇಲ್ಲಿಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ಭಾಷಾ ಅಲ್ಪಸಂಖ್ಯಾತರಿಗೆ ಇದೆ.

ಉತ್ತರ: ಕನ್ನಡ ಟೀಚರ್

ಓದಿ ಎದೆ ಭಾರವಾಯಿತು ಅಕ್ಕಾ. ನಮ್ಮ ಶಾಲೆಯ ಕನ್ನಡ ವಿಭಾಗಕ್ಕೆ ಇಂಥ ಕ್ವಾರ್ಟರ್ಸುಗಳಿಂದಲೇ ಮಕ್ಕಳು ಬರುತ್ತಿದ್ದದ್ದು. ಎರಡು ವರ್ಷಗಳ ಹಿಂದೆ ಇಂಥದೇ ಒಂದು ಸಾಲು ಕೆಡವಿದಾಗ ಒಂದೇ ತರಗತಿಯಿಂದ ನಾಲ್ವರು ಹೋದರು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳನ್ನು ಎಣಿಸುತ್ತಾರೆ, ಆ ಲೆಕ್ಕದ ಮೇಲೆ ಅಧ್ಯಾಪಕರ ಹುದ್ದೆ. ಪ್ರತಿ ವರ್ಷ ಆ ದಿನ ನಾವು ಬಾಗಿಲಿನತ್ತ ನೋಡುತ್ತಾ ಕೂರುತ್ತೇವೆ. ಫ್ಲಾಟಿಗೆ ಬಂದವರ ಮಕ್ಕಳು ಹತ್ತುವುದು ಇಂಗ್ಲಿಷ್ ಶಾಲೆಯ ಬಸ್ಸು. ಮಗಳ ಹೆಸರನ್ನು ತೆಗೆಸಲು ಅವಸರ ಮಾಡಬೇಡಿ.

ಉತ್ತರ: ಸೀತಾಂಗೋಳಿಗೆ ಹೋದವನು

ನಾನು ಹೆದರಿ ಮೊದಲ ನೋಟೀಸಿಗೇ ಬಿಟ್ಟೆ. ಇಲ್ಲಿ ಬಾಡಿಗೆ 4,500, ಮನೆ ಒಳ್ಳೆಯದೇ. ಆದರೆ ಹಳೆ ಬಸ್ ನಿಲ್ದಾಣದ ಬಳಿಯ ಅಂಗಡಿ ಕೆಲಸಕ್ಕೆ ಬಸ್ಸಿಗೆಂದೇ ತಿಂಗಳಿಗೆ 1,500 ಹೋಗುತ್ತದೆ. ರಾತ್ರಿ ಬಸ್ಸು ತಪ್ಪೀತೆಂದು ಅಂಗಡಿ ಮುಚ್ಚುವ ಮೊದಲೇ ಹೊರಡುವುದರಿಂದ ಸಂಬಳವನ್ನೂ ಕಡಿಮೆ ಮಾಡಿದರು. ಹೊಲಿಗೆಗೆ ಬರುವವರು ಅಲ್ಲಿಂದ ಇಲ್ಲಿಗೆ ಬರುವುದಿಲ್ಲ ಅಕ್ಕಾ.

ನಾಲ್ಕನೆಯ ಮನೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಂದು ಸಂಜೆ ಐದು ಮನೆಯವರನ್ನು ಜಗಲಿಯಲ್ಲಿ ಕೂರಿಸಿ ಗುಮಾಸ್ತರು ಬರೆದದ್ದನ್ನು ಓದಿ ಹೇಳಿದೆ. ನಾಡಿದ್ದು ಸೋಮವಾರ ನಾಲ್ವರು ಹೆಂಗಸರು ವಿದ್ಯಾನಗರಕ್ಕೆ ಹೊರಟಿದ್ದೇವೆ. ಒಂದನೆಯ ಮನೆಯವರು ಮಾತ್ರ 25,000 ರೂಪಾಯಿ ತೆಗೆದುಕೊಂಡು ಸಹಿ ಹಾಕಿಬಿಟ್ಟಿದ್ದಾರೆ. ಆ ಹಣ ಹಿಂದೆ ಕೊಟ್ಟರೆ ಅವರೂ ನಮ್ಮೊಡನೆ ನಿಲ್ಲಬಹುದೇ, ಅಣ್ಣಾ?